ಹಿಟ್ಟು ಬೀಳ್ತಿದೆಯಾ, ಚಕ್ಕೆ ಬೀಳ್ತಿದೆಯಾ? ಗರಗಸದ ಹಲ್ಲಿನ ಇತಿಹಾಸ

ಇವತ್ತಿನ ಕಂತಿನಲ್ಲಿ ನಾನು ಹೇಳೋದು ಹಲ್ಲಿನ ಕಥೆ. ನಮ್ಮ ಬಾಯಿಯ ಹಲ್ಲಲ್ಲ, ಗರಗಸದ ಹಲ್ಲು. ಅದರಲ್ಲೂ ಚೈನ್‌ಸಾ ಹಲ್ಲು. ಊರಲ್ಲಿ ಮರ ಕೊಯ್ಯೋ ಮಷೀನ್ ಅಂತೀವಲ್ಲ, ಅದೇ.

ಯಾದಗಿರಿ ಜಿಲ್ಲೆಯ ಕಡೇಚೂರು ನಿಮಗೆ ಗೊತ್ತಿರಬಹುದು. ಸೈದಾಪುರದ ಹತ್ತಿರ, ತೆಲಂಗಾಣದ ಗಡಿ ಇಲ್ಲಿಂದ ದೂರವಿಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಅಂತ ಸುದ್ದಿಯಲ್ಲಿ ಹೆಸರು ಬರ್ತಾ ಇರುತ್ತೆ. ಆದರೆ ಕಾರ್ಖಾನೆಗಳ ಕಾಂಪೌಂಡ್ ದಾಟಿ ಸ್ವಲ್ಪ ಮುಂದೆ ಹೋದರೆ ಕಣ್ಣಿಗೆ ಬೀಳೋದು ಜಾಲಿ. ಹಳ್ಳದ ದಂಡೆ, ಬೀಳು ಹೊಲ, ರಸ್ತೆ ಬದಿ, ಎಲ್ಲಾ ಕಡೆ ಬಳ್ಳಾರಿ ಜಾಲಿ. ಅದನ್ನು ಕಡಿದು ಉರುವಲಿಗೆ, ಇದ್ದಿಲಿಗೆ ಮಾರೋದು ಈ ಭಾಗದಲ್ಲಿ ಎಷ್ಟೋ ಮನೆಗಳ ದುಡಿಮೆ. ಹಿಂದೆ ಕೊಡಲಿ ಇತ್ತು, ಈಗ ಮಷೀನ್ ಬಂದಿದೆ.

ಮಷೀನ್ ಓಡ್ತಿರುವಾಗ ಎಲ್ಲರ ಕಣ್ಣು ಮರದ ಮೇಲಿರುತ್ತೆ. ನಾನು ನಿಮ್ಮನ್ನ ಕೇಳಿಕೊಳ್ಳೋದು, ಒಂದು ಸಲ ನೆಲ ನೋಡಿ. ಮಷೀನ್‌ನಿಂದ ಏನು ಬೀಳ್ತಾ ಇದೆ? ಜೋಳದ ಹಿಟ್ಟಿನಂಥ ನುಣ್ಣನೆ ಪುಡಿಯಾ? ಅಥವಾ ಅವಲಕ್ಕಿಯಂಥ ಚಕ್ಕೆಯಾ? ಈ ಎರಡರ ನಡುವಿನ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯನ ಕೂಲಿ ಇದೆ, ಅವನ ಭುಜದ ನೋವಿದೆ, ಕೆಲವೊಮ್ಮೆ ಅವನ ಪ್ರಾಣವೂ ಇದೆ. ಇನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವೂ ಇದೆ.

ಮೊದಲು ಒಂದು ಸರಳ ಪ್ರಶ್ನೆ. ಗರಗಸ ಏನು ಮಾಡುತ್ತೆ? ಕೊಯ್ಯುತ್ತೆ ಅಂತೀರಿ. ಚಾಕುವೂ ಕೊಯ್ಯುತ್ತೆ. ಚಾಕು ಬದನೆಕಾಯಿಯನ್ನ ಎರಡು ಹೋಳು ಮಾಡಿದರೆ ಏನೂ ಕಳೆದುಹೋಗಲ್ಲ. ಗರಗಸ ಹಾಗಲ್ಲ. ಅದು ಮರದೊಳಗೆ ಒಂದು ಸಣ್ಣ ಓಣಿ ತೋಡುತ್ತೆ. ಆ ಓಣಿಯಲ್ಲಿ ಇದ್ದ ಮರವೆಲ್ಲ ಪುಡಿಯಾಗಿಯೋ ಚಕ್ಕೆಯಾಗಿಯೋ ಹೊರಗೆ ಬರಲೇಬೇಕು. ಗಟ್ಟಿ ಮರ ಬಿಡಿಬಿಡಿಯಾದಾಗ ಅದಕ್ಕೆ ಮೊದಲಿಗಿಂತ ಎರಡು-ಮೂರು ಪಟ್ಟು ಜಾಗ ಬೇಕಾಗುತ್ತೆ. ಬಾವಿ ತೋಡುವಾಗ ಮೇಲೆ ಬಂದ ಮಣ್ಣಿನ ಗುಡ್ಡೆ, ತೋಡಿದ ಗುಂಡಿಗಿಂತ ದೊಡ್ಡದಾಗಿ ಕಾಣುತ್ತಲ್ಲ, ಹಾಗೆ. ಆ ಪುಡಿಗೆ ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ಹಲ್ಲು ಎಷ್ಟೇ ಹರಿತವಾಗಿದ್ದರೂ ಮರ ಮುಟ್ಟಲ್ಲ, ತಾನು ಮಾಡಿದ ಪುಡಿಯ ಮೇಲೇ ಜಾರುತ್ತೆ.

ಹಾಗಾಗಿ ಗರಗಸದ ಇತಿಹಾಸ ಅಂದ್ರೆ ಬರೀ ಹರಿತದ ಇತಿಹಾಸ ಅಲ್ಲ. ಕಸ ಹೊರಹಾಕುವ ಇತಿಹಾಸ. ಇವತ್ತು ನಾನು ಹೇಳಬೇಕು ಅಂತಿರೋದು ಇಷ್ಟೇ.

ಮಷೀನ್ ಇಲ್ಲದ ಕಾಲಕ್ಕೆ ಹೋಗೋಣ. ದೊಡ್ಡ ದಿಮ್ಮಿಯನ್ನ ಹಲಗೆ ಮಾಡಬೇಕು ಅಂದ್ರೆ ನೆಲದಲ್ಲಿ ಉದ್ದನೆ ಗುಂಡಿ ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಇಡ್ತಿದ್ದರು. ಇಲ್ಲಾ ಕವಲಿನ ಕಂಬಗಳ ಮೇಲೆ ಎತ್ತಿ ಕಟ್ತಿದ್ದರು. ಮೇಲೊಬ್ಬ, ಕೆಳಗೊಬ್ಬ. ಆಳುದ್ದದ ಗರಗಸ. ಮೇಲಿನವನು ಗೆರೆ ಹಿಡಿದು ನಡೆಸಬೇಕು, ಕೆಳಗಿನವನು ಎಳೀಬೇಕು. ಪುಡಿಯೆಲ್ಲ ಬೀಳೋದು ಕೆಳಗಿನವನ ಕಣ್ಣಿಗೆ, ಮೂಗಿಗೆ. ನಮ್ಮ ದೇಶದಲ್ಲಿ ಮಲಬಾರಿನಿಂದ ದಾಂಡೇಲಿವರೆಗೆ, ಹಿಮಾಲಯದ ದೇವದಾರು ಕಾಡಿನವರೆಗೆ ಲೆಕ್ಕವಿಲ್ಲದಷ್ಟು ಮರ ಹೀಗೇ ಹಲಗೆಯಾಯ್ತು, ತೊಲೆಯಾಯ್ತು, ರೈಲು ಹಳಿಯ ಕೆಳಗಿನ ಸ್ಲೀಪರ್ ಆಯ್ತು.

ರೈಲು ಅಂದೆ. ಯಾದಗಿರಿ, ಸೈದಾಪುರದ ಮೇಲೆ ಹಾದುಹೋಗೋ ಮುಂಬೈ–ಚೆನ್ನೈ ಮಾರ್ಗ ಇದೆಯಲ್ಲ, ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಕಾಲದ ರೈಲಿಗೆ ಮರ ಅಂದ್ರೆ ಇವತ್ತಿನ ಮೊಬೈಲ್‌ಗೆ ಚಾರ್ಜ್ ಇದ್ದ ಹಾಗೆ. ಅಷ್ಟು ಮರ ಕೊಯ್ದ ಕೈಗಳ ಹೆಸರು ಯಾವ ಸ್ಟೇಷನ್ ಗೋಡೆಯ ಮೇಲೂ ಇಲ್ಲ.

ಆ ಕೈಗರಗಸದ ಹಲ್ಲನ್ನ ಹತ್ತಿರದಿಂದ ನೋಡಿ. ಎರಡು ಉಪಾಯ ಕಾಣುತ್ತೆ. ಒಂದು, ಹಲ್ಲುಗಳನ್ನ ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಾಗಿಸಿರ್ತಾರೆ. ಆಗ ಓಣಿ ಗರಗಸದ ಪಟ್ಟಿಗಿಂತ ಅಗಲವಾಗುತ್ತೆ, ಪಟ್ಟಿ ಸಿಕ್ಕಿಹಾಕಿಕೊಳ್ಳಲ್ಲ. ಇನ್ನೊಂದು, ಹಲ್ಲು-ಹಲ್ಲಿನ ನಡುವೆ ಒಂದು ಗುಳಿ. ಅದು ಅಂದಕ್ಕಲ್ಲ. ಅದು ಬುಟ್ಟಿ. ಹಲ್ಲು ಕಿತ್ತ ಪುಡಿ ಆ ಬುಟ್ಟಿಯಲ್ಲಿ ಕೂತು, ಮರದ ಆ ಬದಿಗೆ ಬಂದಾಗ ಕೆಳಗೆ ಬೀಳುತ್ತೆ. ಬುಟ್ಟಿ ಸಣ್ಣದಾದರೆ ಗರಗಸ ಅರ್ಧ ದಾರಿಯಲ್ಲೇ ತುಂಬಿಕೊಂಡು ನಿಲ್ಲುತ್ತೆ.

ಈಗ ಮರವನ್ನ ಅಡ್ಡ ಕೊಯ್ಯೋ ವಿಷಯ. ಜೋಳದ ಕಣಿಕೆಯ ಸಿವುಡು ಕಟ್ಟಿದ್ದು ನೋಡಿದ್ದೀರಲ್ಲ, ಮರವೂ ಹಾಗೇ, ಸಾವಿರಾರು ನಾರುಗಳ ಸಿವುಡು. ಉದ್ದಕ್ಕೆ ಸೀಳೋದು ಸುಲಭ, ಅಡ್ಡ ಕೊಯ್ಯೋದು ಕಷ್ಟ. ಅಡ್ಡ ಕೊಯ್ಯುವಾಗ ಹಲ್ಲು ನಾರನ್ನ ಎರಡು ಕಡೆ ಕತ್ತರಿಸುತ್ತೆ, ಆದರೆ ನಡುವಿನ ತುಂಡು ಅಲ್ಲೇ ಅಂಟಿಕೊಂಡು ಕೂತಿರುತ್ತೆ. ಅದನ್ನ ಕೀಳೋರು ಯಾರು?

19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ದೈತ್ಯ ಮರಗಳನ್ನ ಕೊಡಲಿ ಬಿಟ್ಟು ಗರಗಸದಿಂದ ಉರುಳಿಸೋಕೆ ಶುರುಮಾಡಿದಾಗ ಈ ಪ್ರಶ್ನೆ ದೊಡ್ಡದಾಯ್ತು. ಉತ್ತರ, ಎರಡು ಜಾತಿಯ ಹಲ್ಲು. ಕತ್ತರಿಸೋ ಹಲ್ಲು ಕೆಲವು, ಅವುಗಳ ನಡುವೆ ಅಲ್ಲಲ್ಲಿ ಬೇರೆ ಆಕಾರದ ಹಲ್ಲು. ಅದಕ್ಕೆ ರೇಕರ್ ಅಂತ ಹೆಸರು. ಕಣದಲ್ಲಿ ಕಸ ಗೋರ್ತೀವಲ್ಲ, ಹಾಗೆ ಗೋರೋ ಹಲ್ಲು. ಅದು ಕತ್ತರಿಸೋ ಹಲ್ಲಿಗಿಂತ ಕೂದಲೆಳೆಯಷ್ಟು ಗಿಡ್ಡ. ಮೊದಲ ಹಲ್ಲು ಎರಡೂ ಬದಿ ಗೀರು ಹಾಕುತ್ತೆ, ಹಿಂದೆ ಬರೋ ರೇಕರ್ ನಡುವಿನದನ್ನ ಬಡಿಗೇರರ ರಂದಾದ ಹಾಗೆ ಕೆತ್ತಿ, ಗುಳಿಯಲ್ಲಿ ಗೋರಿಕೊಂಡು ಹೊರಗೆ ತರುತ್ತೆ. ಗರಗಸ ಚೆನ್ನಾಗಿ ಅರ ಹಿಡಿದಿದ್ದರೆ ಪುಡಿ ಬೀಳ್ತಿರಲಿಲ್ಲ, ಶಾವಿಗೆಯಂಥ ಉದ್ದುದ್ದ ಎಳೆ ಬೀಳ್ತಿತ್ತು. ಕೆಲಸಗಾರರು ಗರಗಸದ ಗುಣ ಅಳೀತಿದ್ದದ್ದು ಆ ಎಳೆ ನೋಡಿ.

ಅಂಥ ಗರಗಸಕ್ಕೆ ಅರ ಹಾಕೋದು ಎಲ್ಲರ ಕೈಲಾಗೋ ಕೆಲಸ ಆಗಿರಲಿಲ್ಲ. ದೊಡ್ಡ ಲಾಗಿಂಗ್ ಕ್ಯಾಂಪುಗಳಲ್ಲಿ ಅದಕ್ಕೇ ಅಂತ ಒಬ್ಬ ಇರ್ತಿದ್ದ. ಕೊಯ್ಯೋರು ಬೇರೆ, ಹರಿತ ಮಾಡೋನು ಬೇರೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಚೈನ್‌ಗೆ ಬರೋಣ. ಹಲ್ಲುಗಳನ್ನ ಸರಪಳಿಗೆ ಪೋಣಿಸಿ ಕೊಯ್ಯೋ ಯೋಚನೆ ಮೊದಲು ಬಂದದ್ದು ಕಾಡಿನವರಿಗಲ್ಲ, ಡಾಕ್ಟರುಗಳಿಗೆ! 1780ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಅನ್ನೋ ಇಬ್ಬರು ವೈದ್ಯರು ಮೂಳೆ ಕೊಯ್ಯೋಕೆ ಬಾಗುವ ಸರಪಳಿ ಗರಗಸದ ದಾರಿ ಹುಡುಕಿದರು. 1830ರ ಹೊತ್ತಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಒಂದು ಪಟ್ಟಿಯ ಸುತ್ತ ಸರಪಳಿ ತಿರುಗೋ, ಹಿಡಿ ತಿರುವಿ ಓಡಿಸೋ ಸಾಧನ ಮಾಡಿದ. ಅದು ಇವತ್ತಿನ ಚೈನ್‌ಸಾದ ಮುತ್ತಜ್ಜನ ಹಾಗೇ ಕಾಣುತ್ತೆ.

ಮರಕ್ಕೆ ಅದು ಬಂದದ್ದು ನೂರು ವರ್ಷದ ನಂತರ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಚೈನ್‌ಸಾ ತಂದ. ತೂಕ 60 ಕಿಲೋ ಮೇಲೆ, ಹಿಡಿಯೋಕೆ ಇಬ್ಬರು ಬೇಕು. 1927ರಲ್ಲಿ ಎಮಿಲ್ ಲೆರ್ಪ್ ಅನ್ನೋ ಇನ್ನೊಬ್ಬ ಜರ್ಮನ್ ತನ್ನ ಪೆಟ್ರೋಲ್ ಮಷೀನನ್ನ ಡೋಲ್ಮಾರ್ ಅನ್ನೋ ಬೆಟ್ಟದ ಮೇಲೆ ಪರೀಕ್ಷೆ ಮಾಡಿದ. ಆ ಬೆಟ್ಟದ ಹೆಸರೇ ಕಂಪನಿಗೆ ಬಂತು. 1929ರಲ್ಲಿ ಸ್ಟಿಲ್ ಕೂಡ ಪೆಟ್ರೋಲ್ ಮಷೀನ್ ತಂದ.

ಇಂಜಿನ್ ಬಂತು, ವೇಗ ಬಂತು. ಹಲ್ಲು ಮಾತ್ರ ಹಳೇದೇ. ಕೈಗರಗಸದ ಹಲ್ಲನ್ನೇ ಸರಪಳಿಗೆ ಹಚ್ಚಿದ್ದರು. ಕತ್ತರಿಸೋ ಹಲ್ಲು, ಗೋರೋ ಹಲ್ಲು, ಅದೇ ಸಾಲು. ಆದರೆ ಕೈಗರಗಸ ಹೋಗಿ-ಬಂದು ಮಾಡುತ್ತೆ, ಬುಟ್ಟಿ ಖಾಲಿಯಾಗೋಕೆ ಪುರುಸೊತ್ತು ಸಿಗುತ್ತೆ. ಸರಪಳಿ ಒಂದೇ ದಿಕ್ಕಿಗೆ ಓಡ್ತಾನೇ ಇರುತ್ತೆ. ಹಲ್ಲು ಮರವನ್ನ ಕೆತ್ತೋ ಬದಲು ಕೆರೆದು ಪುಡಿ ಮಾಡ್ತಿತ್ತು. ಬೇಗ ಮೊಂಡಾಗ್ತಿತ್ತು. ಮೊಂಡಾದ ಮೇಲೆ ಒಂದೊಂದು ಜಾತಿಯ ಹಲ್ಲಿಗೆ ಒಂದೊಂದು ಕೋನದಲ್ಲಿ ಅರ ಹಾಕಬೇಕು. ಕೆಲಸಕ್ಕಿಂತ ರಿಪೇರಿಯೇ ಹೆಚ್ಚು ಅನ್ನೋ ಹಾಗಾಯ್ತು.

ಇಲ್ಲಿ ಕಥೆಗೆ ಒಂದು ಹುಳು ಬರುತ್ತೆ.

1946. ಅಮೆರಿಕದ ಆರೆಗನ್ ರಾಜ್ಯ. ಜೋಸೆಫ್ ಬುಫೋರ್ಡ್ ಕಾಕ್ಸ್, ಚೈನ್‌ಸಾ ಹಿಡಿದು ದುಡೀತಿದ್ದ ಮನುಷ್ಯ. ಸೌದೆ ಕಡೀತಿರುವಾಗ ಅವನ ಕಣ್ಣಿಗೆ ಮರದೊಳಗಿನ ಒಂದು ಹುಳು ಬಿತ್ತು. ಮರ ಕೊರೆಯೋ ದುಂಬಿಯ ಮರಿಹುಳು, ಬೆರಳಿನಷ್ಟು ದಪ್ಪ. ಅದು ನಾರಿನ ಉದ್ದಕ್ಕೂ ಹೋಗ್ತಿದೆ, ಅಡ್ಡಕ್ಕೂ ಹೋಗ್ತಿದೆ, ಎರಡೂ ಅದಕ್ಕೆ ಒಂದೇ. ಕಾಕ್ಸ್ ಅದರ ಬಾಯಿ ಗಮನಿಸಿದ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಎರಡು ದವಡೆ, ಒಂದು ಎಡಕ್ಕೆ ಕೆತ್ತುತ್ತೆ, ಒಂದು ಬಲಕ್ಕೆ.

ನಮ್ಮ ಕಡೆ ಮಾವಿನ ತೋಟ ಇರೋರಿಗೆ ಈ ಹುಳುವಿನ ಬಳಗ ಚೆನ್ನಾಗಿ ಗೊತ್ತು. ಕಾಂಡ ಕೊರೆಯೋ ಹುಳು. ಬುಡದ ಸುತ್ತ ಪುಡಿ ಬಿದ್ದಿದ್ದರೆ ಒಳಗೆ ಹುಳು ಕೂತಿದೆ ಅಂತ ರೈತರು ಹೇಳಿಬಿಡ್ತಾರೆ. ರೈತನಿಗೆ ಅದು ಶತ್ರು. ಕಾಕ್ಸ್‌ಗೆ ಅದು ಮೇಷ್ಟ್ರಾಯ್ತು.

1947ರ ನವೆಂಬರ್‌ನಲ್ಲಿ, ಪೋರ್ಟ್‌ಲ್ಯಾಂಡ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ, ಅವನು ಹೊಸ ಚೈನ್ ತಯಾರಿಸೋಕೆ ಶುರುಮಾಡಿದ. ಆರೆಗನ್ ಅನ್ನೋ ಬ್ರಾಂಡ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ, ಅದರ ಬೇರು ಆ ನೆಲಮಾಳಿಗೆ. ಅದೇ ನವೆಂಬರ್‌ನಲ್ಲಿ ನಮ್ಮ ಕಡೇಚೂರು ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಈ ಭಾಗಕ್ಕೆ ವಿಮೋಚನೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ.

ಕಾಕ್ಸ್ ಮಾಡಿದ್ದೇನು? ಕತ್ತರಿಸೋ ಹಲ್ಲು, ಗೋರೋ ಹಲ್ಲು, ಎರಡನ್ನೂ ಒಂದೇ ಹಲ್ಲಿನಲ್ಲಿ ಸೇರಿಸಿದ. ಹಲ್ಲಿನ ಪಕ್ಕದ ಗೋಡೆ ನಾರು ಕತ್ತರಿಸುತ್ತೆ, ಮೇಲಿನ ಚಾವಣಿ ಉಳಿಯ ಹಾಗೆ ಚಕ್ಕೆ ಎಬ್ಬಿಸುತ್ತೆ, ಮುಂದಿನ ಗುಳಿ ಅದನ್ನ ಹೊತ್ತು ಹೊರಗೆ ಎಸೆಯುತ್ತೆ. ಒಂದು ಎಡಗೈ ಹಲ್ಲು, ಒಂದು ಬಲಗೈ ಹಲ್ಲು, ಸರದಿ ಮೇಲೆ. ಹಲ್ಲಿನ ಮುಂದೆ ಒಂದು ಗಿಡ್ಡ ಮೂಗು. ಅದು ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುತ್ತೆ. ಅದರ ಹೆಸರು ಡೆಪ್ತ್ ಗೇಜ್. ಆದರೆ ಕೆಲಸಗಾರರ ಬಾಯಲ್ಲಿ ಅದು ಇವತ್ತಿಗೂ ರೇಕರ್ರೇ. ಹಳೇ ಹೆಸರು ಉಳೀತು, ಕೆಲಸ ಬದಲಾಯ್ತು. ಈಗ ಅದು ಗೋರಲ್ಲ, ಅಳತೆ ಹಿಡಿಯುತ್ತೆ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಹಲ್ಲು ಒಳಗಡೆ ದುಂಡಗೆ ಬಾಗಿರೋದರಿಂದ ಅದನ್ನ ಹರಿತ ಮಾಡೋಕೆ ಒಂದು ದುಂಡನೆ ಅರ ಸಾಕು. ನಮ್ಮ ಕಡೆ ಕಾನಸು ಅಂತೀವಲ್ಲ, ಅದೇ. ಒಂದೇ ಕಾನಸಿನ ಒಂದೇ ಎಳೆತದಲ್ಲಿ ಗೋಡೆ, ಚಾವಣಿ, ಗುಳಿ ಮೂರೂ ಒಟ್ಟಿಗೆ ಹರಿತವಾಗುತ್ತೆ. ಹರಿತ ಮಾಡೋನು ಬೇರೆ, ಕೊಯ್ಯೋನು ಬೇರೆ ಅನ್ನೋ ಹಳೇ ಗೋಡೆ ಬಿದ್ದುಹೋಯ್ತು. ಜೇಬಿನಲ್ಲಿ ಕಾನಸು ಇಟ್ಟುಕೊಂಡು ಮರದ ನೆರಳಲ್ಲೇ ಕೂತು ಕೆಲಸಗಾರ ತನ್ನ ಚೈನ್ ತಾನೇ ಸರಿಮಾಡಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಕಾಕ್ಸ್‌ನ ನಿಜವಾದ ಕೊಡುಗೆ ಇದು.

ಈಗ ವಾಪಸ್ ಕಡೇಚೂರಿನ ಜಾಲಿಗೆ ಬರೋಣ.

ಈ ಜಾಲಿ ನಮ್ಮದಲ್ಲ. ಮೆಕ್ಸಿಕೊ ಕಡೆಯ ಗಿಡ. ಬ್ರಿಟಿಷರ ಅರಣ್ಯ ಇಲಾಖೆ 1877ರಲ್ಲಿ ಈಗಿನ ಆಂಧ್ರದ ಕಡಪ ಭಾಗದಲ್ಲಿ ಇದನ್ನ ನೆಡಿಸಿತು. ಒಣಭೂಮಿಗೆ ಉರುವಲು ಆಗಲಿ ಅಂತ. ಆಮೇಲೆ ಅದು ತಾನಾಗೇ ಹಬ್ಬುತ್ತಲೂ ಹೋಯ್ತು. ಮರ ಗಟ್ಟಿ, ಮುಳ್ಳು ವಿಪರೀತ, ಬುಡದಿಂದಲೇ ಹತ್ತಾರು ಕವಲು, ಒಂದೂ ನೆಟ್ಟಗಿರಲ್ಲ. ಕೊಯ್ಯೋನು ಬಗ್ಗಿ ನೆಲದ ಹತ್ತಿರವೇ ಮಷೀನ್ ಹಿಡೀಬೇಕು. ಬುಡಕ್ಕೆಲ್ಲ ಮಣ್ಣು, ಮರಳು ಮೆತ್ತಿರುತ್ತೆ. ಚೈನ್ ಒಂದು ಸಲ ಮಣ್ಣು ಮುಟ್ಟಿದರೆ ಸಾಕು, ಹಲ್ಲಿನ ಅಂಚು ಹೋಯ್ತು.

ಯಾಕೆ ಅಷ್ಟು ಬೇಗ? ಒಂದು ಲೆಕ್ಕ ಹಾಕೋಣ. ಸಾಮಾನ್ಯವಾಗಿ ಬಳಸೋ 16 ಇಂಚಿನ ಪಟ್ಟಿಯ ಚೈನ್‌ನಲ್ಲಿ ಸುಮಾರು 28 ಹಲ್ಲು, ಚೈನ್ ಉದ್ದ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ವೇಗದಲ್ಲಿ ಅದು ಸೆಕೆಂಡಿಗೆ 20 ಮೀಟರ್ ಓಡುತ್ತೆ ಅಂದುಕೊಳ್ಳಿ. ಅಂದ್ರೆ ಒಂದು ಸೆಕೆಂಡಿನಲ್ಲಿ 500ಕ್ಕೂ ಹೆಚ್ಚು ಹಲ್ಲು ಒಂದೇ ಜಾಗ ದಾಟಿ ಹೋಗುತ್ತೆ. ಅಲ್ಲಿ ಒಂದು ಮರಳಿನ ಕಣ ಇದ್ದರೆ ಎಷ್ಟು ಹಲ್ಲಿಗೆ ಪೆಟ್ಟು ಬೀಳುತ್ತೆ, ನೀವೇ ಯೋಚಿಸಿ.

ಅಂಚು ಹೋದ ಹಲ್ಲು ಚಕ್ಕೆ ಎಬ್ಬಿಸಲ್ಲ, ಕೆರೆಯುತ್ತೆ. ಹಿಟ್ಟಿನಂಥ ಪುಡಿ ಬರುತ್ತೆ. ಆ ಪುಡಿ ಎಣ್ಣೆಯ ಜೊತೆ ಕಲೆತು ಪಟ್ಟಿಯ ಗಾಡಿಯಲ್ಲಿ ಹಿಟ್ಟು ಕಲಸಿದ ಹಾಗೆ ಕೂರುತ್ತೆ, ಎಣ್ಣೆ ಬರೋ ತೂತು ಮುಚ್ಚುತ್ತೆ. ಎಣ್ಣೆ ಇಲ್ಲದ ಚೈನ್ ಕಾಯುತ್ತೆ, ಹೊಗೆ ಬರುತ್ತೆ. ಕೆಲಸಗಾರ ಏನು ಮಾಡ್ತಾನೆ? ಒತ್ತುತ್ತಾನೆ. ಇಂಜಿನ್ ಹೊರಬೇಕಾದ ಭಾರ ಅವನ ಭುಜಕ್ಕೆ ಬರುತ್ತೆ. ಪೆಟ್ರೋಲ್ ಹೆಚ್ಚು, ಕಟ್ಟಿಗೆ ಕಡಿಮೆ, ಸಂಜೆಗೆ ಕೈ ನಡುಕ.

ಈ ಭಾಗದಲ್ಲಿ ಮಷೀನ್ ಹಿಡಿಯೋರನ್ನ ನಾನು ಮಾತಾಡಿಸಿದಾಗ ಒಂದು ದೂರು ಪದೇ ಪದೇ ಕೇಳ್ತು. ಈಗಷ್ಟೇ ಹರಿತ ಮಾಡಿಸಿಕೊಂಡು ಬಂದ ಚೈನ್, ಬೆರಳಿಗೆ ಹರಿತ ಹತ್ತುತ್ತೆ, ಆದರೂ ಪುಡಿಯೇ ಬೀಳುತ್ತೆ ಅಂತ. ಇದಕ್ಕೆ ಉತ್ತರ ಆ ಗಿಡ್ಡ ಮೂಗಿನಲ್ಲಿದೆ. ಹಲ್ಲಿನ ಚಾವಣಿ ಹಿಂದಕ್ಕೆ ಇಳಿಜಾರು. ಪ್ರತಿ ಸಲ ಕಾನಸು ಹಾಕಿದಾಗ ಹಲ್ಲು ಹಿಂದೆ ಸರಿಯುತ್ತೆ, ಹಾಗೇ ಎತ್ತರವೂ ಕಡಿಮೆಯಾಗುತ್ತೆ. ಮೂಗು ಮಾತ್ರ ಮೊದಲಿದ್ದಷ್ಟೇ ಎತ್ತರ. ಕೊನೆಗೆ ಮೂಗು ಮರಕ್ಕೆ ತಾಗುತ್ತೆ, ಹಲ್ಲು ತಾಗಲ್ಲ. ಹರಿತ ಇದೆ, ಕಚ್ಚೋ ಜಾಗ ಇಲ್ಲ. ಸಾಮಾನ್ಯ ಚೈನ್‌ನಲ್ಲಿ ಮೂಗಿಗೂ ಹಲ್ಲಿಗೂ ಇರಬೇಕಾದ ಅಂತರ ಸುಮಾರು 0.65 ಮಿಲಿಮೀಟರ್. ನಿಮ್ಮ ಎಟಿಎಂ ಕಾರ್ಡಿಗಿಂತ ತುಸು ತೆಳು. ಆ ಅಂತರವೇ ಚಕ್ಕೆಯ ದಪ್ಪ.

ಹಾಗಾದರೆ ಮಾಡಬೇಕಾದ್ದೇನು? ಇಂಜಿನ್ ಬಂದ್ ಮಾಡಿ, ಕೈಗೆ ದಪ್ಪ ಗ್ಲೌಸ್ ಹಾಕಿ. ಚೈನ್‌ಗೆ ಹೊಂದೋ ಅಳತೆಯ ದುಂಡನೆ ಕಾನಸು ತಗೊಳ್ಳಿ. ಸಣ್ಣ ಚೈನ್‌ಗೆ 4 ಮಿಲಿಮೀಟರ್, ಅದಕ್ಕಿಂತ ದೊಡ್ಡದಕ್ಕೆ 4.8, ಇನ್ನೂ ದೊಡ್ಡದಕ್ಕೆ 5.2 ಅಥವಾ 5.5. ನಿಮ್ಮ ಚೈನ್‌ಗೆ ಯಾವುದು ಅಂತ ಅದರ ಡಬ್ಬಿಯ ಮೇಲೆ ಬರೆದಿರುತ್ತೆ. ಹಲ್ಲಿನ ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ ತಳ್ಳಬೇಕು. ವಾಪಸ್ ತರುವಾಗ ಎತ್ತಿಬಿಡಬೇಕು. ಎಡದ ಹಲ್ಲಿಗೆ ಮೂರು ಸಲ ತಳ್ಳಿದರೆ ಬಲದ್ದಕ್ಕೂ ಮೂರೇ ಸಲ. ಎಲ್ಲ ಹಲ್ಲೂ ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಕೊಯ್ತ ಸೊಟ್ಟಗಾಗುತ್ತೆ. ಮೂರು-ನಾಲ್ಕು ಸಲ ಹರಿತ ಮಾಡಿದ ಮೇಲೆ ಅಳತೆ ಪಟ್ಟಿ ಇಟ್ಟು ಮೂಗನ್ನ ಚಪ್ಪಟೆ ಕಾನಸಿನಿಂದ ಇಳಿಸಬೇಕು. ಪಟ್ಟಿಯ ಗಾಡಿ, ಸ್ಪ್ರಾಕೆಟ್ ಮುಚ್ಚಳದ ಒಳಗಿನ ಪುಡಿ, ಎಣ್ಣೆ ತೂತು, ಇವನ್ನ ದಿನಾ ಕೆರೆದು ತೆಗೀಬೇಕು. ಮಣ್ಣಿನ ಕೆಲಸಕ್ಕೆ ಮೂಲೆ ದುಂಡಗಿರೋ ಹಲ್ಲಿನ ಚೈನ್ ಒಳ್ಳೇದು. ಚೂಪು ಮೂಲೆಯದು ಬೇಗ ಕೊಯ್ಯುತ್ತೆ, ಆದರೆ ಮಣ್ಣಿಗೆ ಬೇಗ ಸೋಲುತ್ತೆ.

ಒಂದು ಎಚ್ಚರಿಕೆ. ಮೂಗು ಇಳಿಸಿದರೆ ಚಕ್ಕೆ ದೊಡ್ಡದಾಗುತ್ತೆ ಅಂತ ಅಂದಾಜಿನಲ್ಲಿ ಜಾಸ್ತಿ ಇಳಿಸಬೇಡಿ. ಹಲ್ಲು ತಾಳೋದಕ್ಕಿಂತ ಹೆಚ್ಚು ಕಚ್ಚುತ್ತೆ. ಪಟ್ಟಿಯ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಮಷೀನ್ ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಖದ ಕಡೆ ಹಾರುತ್ತೆ. ಕಿಕ್‌ಬ್ಯಾಕ್ ಅಂತಾರೆ. ಕವಲು ಕವಲಾದ ಜಾಲಿಯಲ್ಲಿ ತುದಿಗೆ ಇನ್ನೊಂದು ಕೊಂಬೆ ತಾಗೋದು ತೀರಾ ಸಾಮಾನ್ಯ. 1970ರ ದಶಕದಲ್ಲಿ ಕಂಪನಿಗಳು ಚೈನ್ ಬ್ರೇಕ್ ತಂದದ್ದು ಇದಕ್ಕೇ. ಬ್ರೇಕ್ ಕೆಟ್ಟ ಮಷೀನ್ ಕೈಗೆ ಕೊಟ್ಟರೆ ಬೇಡ ಅನ್ನಿ. ಕೂಲಿ ನಾಳೆ ಸಿಗುತ್ತೆ.

ಕೊನೆಗೆ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಮಾತು. ಒಂದು ಕಾಲಕ್ಕೆ ಹರಿತದ ವಿದ್ಯೆ ಒಬ್ಬನ ಕೈಯಲ್ಲಿತ್ತು, ದುಡಿಮೆ ಇನ್ನೊಬ್ಬನ ಮೈಮೇಲಿತ್ತು. ದುಂಡನೆ ಕಾನಸು ಆ ವಿದ್ಯೆಯನ್ನ ದುಡಿಯೋನ ಜೇಬಿಗೆ ತಂದಿತ್ತು. ಈಗ ನಾವು ಅದನ್ನ ಮತ್ತೆ ಅಂಗಡಿಗೆ ಒಪ್ಪಿಸ್ತಿದ್ದೇವೆ. ಅಲ್ಲಿ ಸಾಣೆ ಚಕ್ರಕ್ಕೆ ಒತ್ತಿ ಹಲ್ಲು ನೀಲಿಯಾಗೋವರೆಗೆ ಕಾಯಿಸಿಬಿಟ್ಟರೆ ಉಕ್ಕಿನ ಗಟ್ಟಿತನವೇ ಹೋಗುತ್ತೆ, ಮೂಗಿನ ಕಡೆ ಯಾರ ಗಮನವೂ ಇರಲ್ಲ. ಮಷೀನ್ ಬೇರೆಯವರದು, ಚೈನ್ ಅಂಗಡಿಯವರದು, ಭುಜ ಮಾತ್ರ ನಮ್ಮ ಹುಡುಗರದು.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಮಷೀನ್ ಹಿಡಿಯೋ ಅಣ್ಣನೋ ಕಾಕಾನೋ ಇದ್ದರೆ ಈ ಕಂತು ಅವರಿಗೆ ಕೇಳಿಸಿ. ಕಾನಸು, ಅಳತೆ ಪಟ್ಟಿ ಎರಡೂ ದುಬಾರಿ ಸಾಮಾನಲ್ಲ. ನಾಳೆ ಬೆಳಿಗ್ಗೆ ಮೊದಲ ಕೊಯ್ತ ಹಾಕಿದಾಗ ಮರ ನೋಡೋಕೆ ಮುಂಚೆ ನೆಲ ನೋಡೋಕೆ ಹೇಳಿ. ಹಿಟ್ಟು ಬಿದ್ದಿದ್ದರೆ ಅಲ್ಲೇ ಮಷೀನ್ ಬಂದ್ ಮಾಡಿ ಹತ್ತು ನಿಮಿಷ ಕೂರೋಕೆ ಹೇಳಿ.